ಗಡಿಯ ಅಳತೆಗೋಲು: ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ್ ಅವರ ಜೀವನದಿಂದ ನಾನು ಕಲಿತದ್ದು

ಬೋಧನಾಭ್ಯಾಸದ ಮೂರನೇ ವಾರದಲ್ಲಿ ನಾನೊಂದು ತಪ್ಪು ಪಾಠ ಮಾಡಿದೆ. ಅದನ್ನು ತಿದ್ದಿಕೊಳ್ಳಲು ಹೊರಟಾಗ ಒಬ್ಬ ದೊಡ್ಡ ವ್ಯಕ್ತಿಯ ಜೀವನವನ್ನು ಓದಬೇಕಾಯಿತು. ಆ ತಪ್ಪನ್ನೂ ಆ ಜೀವನವನ್ನೂ ನನ್ನ ಸಹಪ್ರಶಿಕ್ಷಣಾರ್ಥಿಗಳ ಮುಂದೆ ಇಡುತ್ತಿದ್ದೇನೆ.

ನನ್ನ ಬೋಧನಾ ವಿಷಯಗಳು ಗಣಿತ ಮತ್ತು ಭೌತವಿಜ್ಞಾನ. ನನಗೆ ಹಂಚಿಕೆಯಾಗಿದ್ದು ಖಾನಾಪುರ ತಾಲ್ಲೂಕಿನ ಒಂದು ಪ್ರೌಢಶಾಲೆ. ಮಕ್ಕಳಲ್ಲಿ ಅರ್ಧದಷ್ಟು ಜನ ಮನೆಯಲ್ಲಿ ಮರಾಠಿ ಮಾತಾಡುವವರು, ಉಳಿದವರು ಕನ್ನಡದವರು. ಆಟದ ಮೈದಾನದಲ್ಲಿ ಎರಡೂ ಕಲಸಿಕೊಂಡೇ ಇರುತ್ತವೆ. ರಾಜ್ಯೋತ್ಸವ ಕಳೆದ ಮರುವಾರ ಸಮಾಜವಿಜ್ಞಾನದ ಶಿಕ್ಷಕರು ರಜೆಯಲ್ಲಿದ್ದರು. ಮುಖ್ಯೋಪಾಧ್ಯಾಯರು ಒಂಬತ್ತನೇ ತರಗತಿಯ ಆ ಅವಧಿಯನ್ನು ನನಗೆ ಹೊಂದಿಸಿಕೊಟ್ಟರು. ಪಾಠಯೋಜನೆ ಇರಲಿಲ್ಲ. ಮಕ್ಕಳೇ ಗಡಿಯ ಮಾತೆತ್ತಿದರು. ನಾನು ಹಲಗೆಯ ಮೇಲೆ ಕರ್ನಾಟಕದ ನಕ್ಷೆ ಬರೆದು, ಈ ವಿವಾದವನ್ನು ಮಹಾಜನ್ ವರದಿ ಎಂದೋ ಬಗೆಹರಿಸಿದೆ, ಅದೇ ಅಂತಿಮ, ಈ ಜಿಲ್ಲೆಯ ಪ್ರತಿ ಊರೂ ನಮ್ಮದೆಂದು ಅದರಲ್ಲಿದೆ ಎಂದು ಹೇಳಿದೆ. ಪದವಿ ಕಾಲೇಜಿನಲ್ಲಿ ಮೆರವಣಿಗೆಗಳಲ್ಲಿ ಕೂಗಿದ ಮಾತು ಅದು. ಬಾಯಿಪಾಠವಾಗಿತ್ತು.

ನಂದಗಡದ ಕಡೆಯಿಂದ ಬರುವ ಒಬ್ಬ ಹುಡುಗಿ ಎದ್ದು ನಿಂತು, ಆ ವರದಿಯಲ್ಲಿ ನಂದಗಡದ ಬಗ್ಗೆ ಏನು ಬರೆದಿದೆ ಎಂದು ಕೇಳಿದಳು. ನಂದಗಡ ಸಂಗೊಳ್ಳಿ ರಾಯಣ್ಣನ ಸಮಾಧಿ ಇರುವ ಊರು, ಅದು ಕರ್ನಾಟಕಕ್ಕೇ ಸೇರಬೇಕೆಂದು ಬರೆದಿದೆ ಎಂದೆ. ಹಿಂದಿನ ಬೆಂಚಿನಲ್ಲಿ ನಮ್ಮ ಕಾಲೇಜಿನ ವೀಕ್ಷಕ ಉಪನ್ಯಾಸಕರು ಕುಳಿತಿದ್ದರು. ಅವಧಿ ಮುಗಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: ಆ ವರದಿಯ ಶಿಫಾರಸುಗಳನ್ನು ಎಂದಾದರೂ ಓದಿದ್ದೀಯಾ? ಇಲ್ಲ ಎಂದೆ. ವೀಕ್ಷಣಾ ಪುಸ್ತಕದಲ್ಲಿ, ಧ್ವನಿ ಚೆನ್ನಾಗಿದೆ, ವಿಷಯಜ್ಞಾನ ಸಾಲದು ಎಂದು ಬರೆದರು.

ಆ ಶನಿವಾರ ಗ್ರಂಥಾಲಯದಲ್ಲಿ ಕುಳಿತೆ. ಮಹಾಜನ್ ವರದಿ 264 ಗ್ರಾಮಗಳನ್ನು ಮಹಾರಾಷ್ಟ್ರಕ್ಕೆ ಬಿಟ್ಟುಕೊಡಬೇಕೆಂದು ಹೇಳುತ್ತದೆ. ನಿಪ್ಪಾಣಿ, ಖಾನಾಪುರ, ನಂದಗಡ ಅದರಲ್ಲಿವೆ. 247 ಗ್ರಾಮಗಳು ನಮ್ಮ ರಾಜ್ಯಕ್ಕೆ ಬರಬೇಕೆನ್ನುತ್ತದೆ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಭಾಗಗಳು ಅದರಲ್ಲಿವೆ. ನನ್ನ ಅಜ್ಜಿಯ ತವರು ಅಕ್ಕಲಕೋಟೆಯ ಸೀಮೆ. ಎಂದರೆ ನಾನು ಘೋಷಣೆ ಕೂಗಿದ ವರದಿ ಜಾರಿಯಾಗಿದ್ದರೆ ಅಜ್ಜಿಯ ತವರು ಈಚೆ ಬರುತ್ತಿತ್ತು, ನಾನು ಪಾಠ ಮಾಡುತ್ತಿದ್ದ ತಾಲ್ಲೂಕಿನ ದೊಡ್ಡ ಭಾಗ ಆಚೆ ಹೋಗುತ್ತಿತ್ತು. ಹುಡುಗಿಗೆ ನಾನು ಕೊಟ್ಟ ಉತ್ತರ ನೇರವಾಗಿ ತಪ್ಪು.

ಇಂಥ ವರದಿ ಬರೆದವರು ಯಾರು ಎಂದು ಆಗ ಹುಡುಕಿದೆ. ನಮ್ಮ ನಾಡಿನಲ್ಲಿ ಮಹಾಜನ್ ಎಂಬ ಹೆಸರು ಕೇಳದವರಿಲ್ಲ. ಆ ಹೆಸರಿನ ಮನುಷ್ಯನನ್ನು ಬಲ್ಲವರು ಕಡಿಮೆ. ನನ್ನಂತೆಯೇ ಹಲವರಿಗೆ ಅದು ವರದಿಯ ಹೆಸರು ಮಾತ್ರ.

ರಸಾಯನವಿಜ್ಞಾನ ಬಿಟ್ಟು ಕಾನೂನಿಗೆ

ಮೆಹರ್ ಚಂದ್ ಮಹಾಜನ್ ಹುಟ್ಟಿದ್ದು 1889ರ ಡಿಸೆಂಬರ್ 23ರಂದು, ಹಿಮಾಲಯದ ತಪ್ಪಲಿನ ಕಾಂಗ್ಡಾ ಜಿಲ್ಲೆಯ ಟೀಕಾ ನಗ್ರೋಟಾ ಎಂಬ ಹಳ್ಳಿಯಲ್ಲಿ. ಆಗ ಕಾಂಗ್ಡಾ ಪಂಜಾಬಿನ ಭಾಗವಾಗಿತ್ತು. ತಂದೆ ಬ್ರಿಜ್ ಲಾಲ್ ಧರ್ಮಶಾಲಾದಲ್ಲಿ ವಕೀಲರು. ಮಗ ಲಾಹೋರಿನ ಸರ್ಕಾರಿ ಕಾಲೇಜಿನಲ್ಲಿ ಓದಿ 1910ರಲ್ಲಿ ಪದವಿ ಪಡೆದು, ಎಂ.ಎಸ್ಸಿ. ರಸಾಯನವಿಜ್ಞಾನಕ್ಕೆ ಸೇರಿಕೊಂಡರು. ತಂದೆಯ ಒತ್ತಾಯಕ್ಕೆ ಮಣಿದು ಅದನ್ನು ಬಿಟ್ಟು ಕಾನೂನಿಗೆ ಬಂದು, 1912ರಲ್ಲಿ ಎಲ್ಎಲ್.ಬಿ. ಮುಗಿಸಿದರು. ವಿಜ್ಞಾನದ ವಿದ್ಯಾರ್ಥಿಯಾದ ನನಗೆ ಈ ಸಂಗತಿ ಓದಿದಾಗ ಅವರು ಸ್ವಲ್ಪ ಹತ್ತಿರದವರೆನಿಸಿದರು.

1913ರಲ್ಲಿ ಧರ್ಮಶಾಲಾದಲ್ಲಿ ವಕೀಲಿ ಆರಂಭಿಸಿದರು. ಮರುವರ್ಷ ಗುರುದಾಸ್‌ಪುರಕ್ಕೆ ಹೋಗಿ 1918ರವರೆಗೆ ಅಲ್ಲಿದ್ದರು. ಆಮೇಲೆ ಲಾಹೋರಿಗೆ ಬಂದು ಇಪ್ಪತ್ತೈದು ವರ್ಷ ಅಲ್ಲಿಯೇ ವಕೀಲರಾಗಿ ಹೆಸರು ಮಾಡಿದರು. 1938ರಿಂದ 1943ರವರೆಗೆ ಅಲ್ಲಿನ ಹೈಕೋರ್ಟ್ ವಕೀಲರ ಸಂಘದ ಅಧ್ಯಕ್ಷರಾಗಿದ್ದರು. 1943ರಲ್ಲಿ ಲಾಹೋರ್ ಹೈಕೋರ್ಟಿನ ನ್ಯಾಯಾಧೀಶರಾದರು. 1946ರಲ್ಲಿ ನೌಕಾಪಡೆಯ ನಾವಿಕರ ದಂಗೆಯ ಬಗ್ಗೆ ಸರ್ಕಾರ ವಿಚಾರಣಾ ಆಯೋಗ ರಚಿಸಿದಾಗ ಅದರಲ್ಲಿ ಸದಸ್ಯರಾದರು. ಆ ಆಯೋಗದ ಅಧ್ಯಕ್ಷರು ಸೈಯದ್ ಫಜಲ್ ಅಲಿ. ಈ ಹೆಸರು ಮುಂದೆ ಮತ್ತೆ ಬರುತ್ತದೆ.

ಗುರುದಾಸ್‌ಪುರ, ಲಾಹೋರ್ ಎಂಬ ಎರಡು ಊರುಗಳನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮಹಾಜನ್ ಅವರು ಅನ್ನ ಸಂಪಾದಿಸಿದ ಈ ಎರಡು ಊರುಗಳ ನಡುವೆಯೇ 1947ರಲ್ಲಿ ಎರಡು ದೇಶಗಳ ಗಡಿ ಹಾದುಹೋಯಿತು. ಆ ಗಡಿ ಆಯೋಗದಲ್ಲಿ ಅವರೂ ಒಬ್ಬ ಸದಸ್ಯರಾಗಿದ್ದರು.

ಐದು ವಾರಗಳ ಗಡಿ

ದೇಶ ವಿಭಜನೆಯ ತೀರ್ಮಾನವಾದ ಮೇಲೆ ಪಂಜಾಬ್ ಮತ್ತು ಬಂಗಾಳ ಎರಡನ್ನೂ ಒಡೆಯಬೇಕಿತ್ತು. ಅದಕ್ಕಾಗಿ ಎರಡು ಗಡಿ ಆಯೋಗಗಳಾದವು. ಎರಡಕ್ಕೂ ಇಂಗ್ಲೆಂಡಿನ ವಕೀಲ ಸಿರಿಲ್ ರಾಡ್‌ಕ್ಲಿಫ್ ಅವರೇ ಅಧ್ಯಕ್ಷರು. ಅವರು ಭಾರತಕ್ಕೆ ಬಂದಿಳಿದದ್ದು 1947ರ ಜುಲೈ 8ರಂದು. ಆಗಸ್ಟ್ 15ಕ್ಕೆ ಐದು ವಾರ ಮಾತ್ರ ಉಳಿದಿತ್ತು. ಪ್ರತಿ ಆಯೋಗಕ್ಕೂ ನಾಲ್ವರು ನ್ಯಾಯಾಧೀಶರು ಸದಸ್ಯರು. ಪಂಜಾಬಿನ ಆಯೋಗದಲ್ಲಿ ದೀನ್ ಮುಹಮ್ಮದ್, ಮುಹಮ್ಮದ್ ಮುನೀರ್, ತೇಜಾ ಸಿಂಗ್ ಮತ್ತು ಮೆಹರ್ ಚಂದ್ ಮಹಾಜನ್ ಇದ್ದರು.

ಆಯೋಗಕ್ಕೆ ಕೊಟ್ಟ ಸೂಚನೆ ಚಿಕ್ಕದು. ಮುಸ್ಲಿಮರು ಹೆಚ್ಚಿರುವ ಮತ್ತು ಮುಸ್ಲಿಮೇತರರು ಹೆಚ್ಚಿರುವ, ಒಂದಕ್ಕೊಂದು ಹೊಂದಿಕೊಂಡ ಪ್ರದೇಶಗಳನ್ನು ಗುರುತಿಸಿ ಗಡಿ ಹಾಕಬೇಕು. ಹಾಗೆ ಮಾಡುವಾಗ ಇತರ ಅಂಶಗಳನ್ನೂ ಗಮನಿಸಬೇಕು. ಪ್ರದೇಶ ಎಂದರೆ ಜಿಲ್ಲೆಯೋ, ತಹಸೀಲೋ, ಹಳ್ಳಿಯೋ ಎಂದು ಹೇಳಿರಲಿಲ್ಲ. ಇತರ ಅಂಶಗಳು ಯಾವುವೆಂದೂ ಪಟ್ಟಿ ಮಾಡಿರಲಿಲ್ಲ. ಜುಲೈ 21ರಿಂದ 31ರವರೆಗೆ ಲಾಹೋರಿನಲ್ಲಿ ವಾದಗಳು ನಡೆದವು. ನಾಲ್ವರು ನ್ಯಾಯಾಧೀಶರು ಇಬ್ಬರಿಗಿಬ್ಬರಾಗಿ ಒಡೆದರು. ಕೊನೆಗೆ ತೀರ್ಮಾನವೆಲ್ಲ ರಾಡ್‌ಕ್ಲಿಫ್ ಒಬ್ಬರ ಮೇಲೆ ಬಿತ್ತು. ಅವರ ತೀರ್ಪು ಪ್ರಕಟವಾದದ್ದು ಆಗಸ್ಟ್ 17ರಂದು, ಸ್ವಾತಂತ್ರ್ಯ ಬಂದು ಎರಡು ದಿನವಾದ ಮೇಲೆ.

ಗುರುದಾಸ್‌ಪುರ ಜಿಲ್ಲೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 1941ರ ಜನಗಣತಿಯಂತೆ ಅಲ್ಲಿ ಮುಸ್ಲಿಮರು ಶೇ. 51ಕ್ಕಿಂತ ತುಸು ಹೆಚ್ಚು. ಜಿಲ್ಲೆಯನ್ನು ಘಟಕವಾಗಿ ಹಿಡಿದರೆ ಅದು ಪಾಕಿಸ್ತಾನಕ್ಕೆ. ಭಾರತ ಸ್ವಾತಂತ್ರ್ಯ ಕಾಯ್ದೆಯ ತಾತ್ಕಾಲಿಕ ಪಟ್ಟಿಯಲ್ಲಿ ಇದ್ದದ್ದೂ ಹಾಗೆಯೇ. ಅಂತಿಮ ತೀರ್ಪಿನಲ್ಲಿ ಜಿಲ್ಲೆ ಒಡೆಯಿತು. ನಾಲ್ಕು ತಹಸೀಲುಗಳಲ್ಲಿ ಶಕರಗಢ ಮಾತ್ರ ಪಾಕಿಸ್ತಾನಕ್ಕೆ ಹೋಯಿತು. ಗುರುದಾಸ್‌ಪುರ, ಬಟಾಲಾ, ಪಠಾಣ್‌ಕೋಟ್ ಭಾರತಕ್ಕೆ ಉಳಿದವು. ಜನ ಅವರೇ, ಜನಗಣತಿ ಅದೇ. ಅಳತೆಗೋಲು ಬದಲಾಯಿತು, ಗಡಿ ಬದಲಾಯಿತು.

ಲಾಹೋರ್ ಪಾಕಿಸ್ತಾನದ ಪಾಲಾಯಿತು. ಮಹಾಜನ್ ಅವರು ಓದಿದ ಕಾಲೇಜು, ವಾದಿಸಿದ ನ್ಯಾಯಾಲಯ, ಸುಮಾರು ಮೂವತ್ತು ವರ್ಷ ಬದುಕಿದ ನಗರ ಎಲ್ಲವೂ ಗಡಿಯಾಚೆ ಉಳಿದವು. ಗಡಿ ಆಯೋಗದ ಸದಸ್ಯರಾಗಿದ್ದವರೇ ತಮ್ಮ ಊರನ್ನು ಕಳೆದುಕೊಂಡು ಪೂರ್ವ ಪಂಜಾಬಿನ ಹೈಕೋರ್ಟಿಗೆ ಬಂದರು.

ಈ ತೀರ್ಪಿನಲ್ಲಿ ಪಾಠಕ್ಕೆ ಬೇಕಾದ ಇನ್ನೊಂದು ಅಂಶವಿದೆ. ರಾಡ್‌ಕ್ಲಿಫ್ ಗಡಿಯನ್ನು ಎರಡು ರೀತಿಯಲ್ಲಿ ಕೊಟ್ಟಿದ್ದರು. ಒಂದು ಮಾತಿನ ವಿವರಣೆ, ಇನ್ನೊಂದು ನಕ್ಷೆ. ಎರಡಕ್ಕೂ ಹೊಂದಾಣಿಕೆಯಾಗದಿದ್ದರೆ ಮಾತಿನ ವಿವರಣೆಯೇ ಅಂತಿಮವೆಂದು ಸ್ಪಷ್ಟಪಡಿಸಿದ್ದರು. ಗಡಿ ಎಂದರೆ ನಕ್ಷೆಯ ಮೇಲಿನ ಗೆರೆ ಎಂದೇ ನಾನು ತಿಳಿದಿದ್ದೆ. ಕಾನೂನಿಗೆ ಗಡಿ ಎಂದರೆ ಮೊದಲು ಒಂದು ವಾಕ್ಯ.

ಕಾಶ್ಮೀರ ಮತ್ತು ಸರ್ವೋಚ್ಚ ನ್ಯಾಯಾಲಯ

ಗಡಿಯ ಗಾಯ ಮಾಯುವ ಮೊದಲೇ ಮಹಾಜನ್ ಅವರಿಗೆ ಇನ್ನೊಂದು ಕರೆ ಬಂತು. ಜಮ್ಮು ಮತ್ತು ಕಾಶ್ಮೀರದ ಮಹಾರಾಜ ಹರಿಸಿಂಗ್ ಅವರನ್ನು ತಮ್ಮ ಸಂಸ್ಥಾನದ ಪ್ರಧಾನಮಂತ್ರಿಯಾಗಿ ಆಹ್ವಾನಿಸಿದರು. 1947ರ ಅಕ್ಟೋಬರ್ 15ರಂದು ಅಧಿಕಾರ ವಹಿಸಿಕೊಂಡರು. ಒಂದೇ ವಾರದಲ್ಲಿ, ಅಕ್ಟೋಬರ್ 22ರಂದು, ಪಾಕಿಸ್ತಾನದ ಕಡೆಯಿಂದ ಬುಡಕಟ್ಟು ಪಡೆಗಳು ನುಗ್ಗಿದವು. 26ರಂದು ವಿಲೀನ ಪತ್ರಕ್ಕೆ ಮಹಾರಾಜರ ಸಹಿಯಾಯಿತು. 27ರಂದು ಭಾರತದ ಸೈನ್ಯ ಶ್ರೀನಗರದಲ್ಲಿ ಇಳಿಯಿತು. ಆ ದಿನಗಳಲ್ಲಿ ಮಹಾರಾಜರಿಗೂ ದೆಹಲಿಯ ಸರ್ಕಾರಕ್ಕೂ ನಡುವೆ ಓಡಾಡಿದವರಲ್ಲಿ ಮಹಾಜನ್ ಒಬ್ಬರು. ಭಾರತದಿಂದ ಕಾಶ್ಮೀರಕ್ಕೆ ಹೋಗುವ ರಸ್ತೆ ಹಾದುಹೋಗುತ್ತಿದ್ದದ್ದು ಪಠಾಣ್‌ಕೋಟ್ ಮೂಲಕ. ಎರಡು ತಿಂಗಳ ಹಿಂದೆ ತಹಸೀಲು ಲೆಕ್ಕದಲ್ಲಿ ಭಾರತಕ್ಕೆ ಉಳಿದ ಅದೇ ಪಠಾಣ್‌ಕೋಟ್. 1948ರ ಮಾರ್ಚ್ 5ರವರೆಗೆ ಅವರು ಆ ಹುದ್ದೆಯಲ್ಲಿದ್ದರು.

ಅದೇ ವರ್ಷ ಅಕ್ಟೋಬರಿನಲ್ಲಿ ದೆಹಲಿಯ ಫೆಡರಲ್ ನ್ಯಾಯಾಲಯದ ನ್ಯಾಯಾಧೀಶರಾದರು. 1950ರ ಜನವರಿಯಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯ ಆರಂಭವಾದಾಗ ಅಲ್ಲಿದ್ದವರು ಆರು ನ್ಯಾಯಮೂರ್ತಿಗಳು: ಕಾನಿಯಾ, ಫಜಲ್ ಅಲಿ, ಪತಂಜಲಿ ಶಾಸ್ತ್ರಿ, ಮಹಾಜನ್, ಬಿಜನ್ ಕುಮಾರ್ ಮುಖರ್ಜಿ, ಎಸ್. ಆರ್. ದಾಸ್. ಈ ಆರರಲ್ಲಿ ಮೂವರ ಹೆಸರು ಗಡಿಗಳೊಂದಿಗೆ ಸೇರಿಕೊಂಡಿದೆ. ಮುಖರ್ಜಿ 1947ರ ಬಂಗಾಳ ಗಡಿ ಆಯೋಗದಲ್ಲಿದ್ದವರು, ಮಹಾಜನ್ ಪಂಜಾಬಿನದರಲ್ಲಿ ಇದ್ದವರು. ಫಜಲ್ ಅಲಿ ಮುಂದೆ 1953ರಲ್ಲಿ ನೇಮಕವಾದ ರಾಜ್ಯ ಪುನರ್ವಿಂಗಡಣಾ ಆಯೋಗದ ಅಧ್ಯಕ್ಷರಾದರು. ಇಂದಿನ ಕರ್ನಾಟಕದ ಮೊದಲ ರೂಪುರೇಷೆ ಮೂಡಿದ್ದು ಆ ಆಯೋಗದ ವರದಿಯಿಂದಲೇ.

ಮಹಾಜನ್ 1954ರ ಜನವರಿ 4ರಂದು ಭಾರತದ ಮೂರನೇ ಮುಖ್ಯ ನ್ಯಾಯಮೂರ್ತಿಯಾದರು. ಅದೇ ವರ್ಷ ಡಿಸೆಂಬರ್ 22ರಂದು, ಅರವತ್ತೈದು ತುಂಬುವ ಹಿಂದಿನ ದಿನ, ನಿವೃತ್ತರಾದರು.

ವಾಕ್ಯದಲ್ಲಿರುವ ಕರ್ನಾಟಕ

ಇಲ್ಲಿ ಸ್ವಲ್ಪ ನಿಂತು, ಒಂದು ರಾಜ್ಯದ ಗಡಿಯನ್ನು ಕಾನೂನು ಹೇಗೆ ಹೇಳುತ್ತದೆ ಎಂದು ನೋಡಬೇಕು. ಇಲ್ಲದಿದ್ದರೆ ಮಹಾಜನ್ ಅವರಿಗೆ 1966ರಲ್ಲಿ ಕೊಟ್ಟ ಕೆಲಸ ಅರ್ಥವಾಗುವುದಿಲ್ಲ.

ಸಂವಿಧಾನದ ಮೊದಲ ಅನುಸೂಚಿಯಲ್ಲಿ ರಾಜ್ಯಗಳ ಪಟ್ಟಿ ಇದೆ. ಕರ್ನಾಟಕದ ಮುಂದೆ ಅಕ್ಷಾಂಶ ರೇಖಾಂಶಗಳಿಲ್ಲ. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 7ನೇ ಕಲಮಿನಲ್ಲಿ ಹೇಳಿದ ಪ್ರದೇಶ, ಅದರಲ್ಲಿ 1968ರ ಕಾಯ್ದೆಯೊಂದರ ಮೂಲಕ ಆಂಧ್ರಪ್ರದೇಶಕ್ಕೆ ವರ್ಗಾಯಿಸಿದ ಭಾಗವನ್ನು ಬಿಟ್ಟು, ಎಂದಷ್ಟೇ ಇದೆ. ಆ 7ನೇ ಕಲಮಿಗೆ ಹೋದರೆ ಅಲ್ಲಿಯೂ ಊರು ಊರಿನ ಗೆರೆಯಿಲ್ಲ. ಹಳೆಯ ಮೈಸೂರು ರಾಜ್ಯ, ಚಂದಗಡ ತಾಲ್ಲೂಕನ್ನು ಬಿಟ್ಟು ಬೆಳಗಾವಿ ಜಿಲ್ಲೆ, ಬಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು, ಕೊಡಂಗಲ್ ಮತ್ತು ತಾಂಡೂರು ಬಿಟ್ಟು ಗುಲ್ಬರ್ಗ, ಆಲಂಪುರ ಮತ್ತು ಗದ್ವಾಲ ಬಿಟ್ಟು ರಾಯಚೂರು, ಕೆಲವು ತಾಲ್ಲೂಕುಗಳನ್ನು ಬಿಟ್ಟು ಬೀದರ್, ಕಾಸರಗೋಡು ತಾಲ್ಲೂಕು ಮತ್ತು ಅಮೀನ್‌ದಿವಿ ದ್ವೀಪಗಳನ್ನು ಬಿಟ್ಟು ದಕ್ಷಿಣ ಕನ್ನಡ, ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು, ಮತ್ತು ಕೊಡಗು.

ಗಣಿತದವರಿಗೆ ಇದು ತಟ್ಟನೆ ಗುರುತು ಸಿಗುತ್ತದೆ. ಇದು ಗಣಗಳ ಸಂಯೋಗ ಮತ್ತು ಗಣಗಳ ವ್ಯತ್ಯಾಸ. ಇಷ್ಟನ್ನು ಕೂಡಿಸು, ಅದರಲ್ಲಿ ಇಷ್ಟನ್ನು ಕಳೆ. ಈ ಬಿಟ್ಟು ಎಂಬ ಒಂದು ಪದದಿಂದ ಚಂದಗಡ ಇಂದು ಮಹಾರಾಷ್ಟ್ರದಲ್ಲಿದೆ, ಕಾಸರಗೋಡು ಕೇರಳದಲ್ಲಿದೆ.

ಈ ವಾಕ್ಯವನ್ನು ಬದಲಾಯಿಸುವ ಅಧಿಕಾರ ಇರುವುದು ಸಂಸತ್ತಿಗೆ ಮಾತ್ರ. ಸಂವಿಧಾನದ 3ನೇ ಅನುಚ್ಛೇದದಂತೆ ರಾಷ್ಟ್ರಪತಿಗಳ ಶಿಫಾರಸಿನ ಮೇಲೆ ಮಸೂದೆ ಬರಬೇಕು. ಸಂಬಂಧಪಟ್ಟ ರಾಜ್ಯದ ಶಾಸಕಾಂಗದ ಅಭಿಪ್ರಾಯ ಕೇಳಬೇಕು. ಆ ಅಭಿಪ್ರಾಯವನ್ನು ಒಪ್ಪಲೇಬೇಕೆಂದಿಲ್ಲ. ಆಯೋಗಗಳು ಕೊಡುವುದು ಸಲಹೆ. ಮೆರವಣಿಗೆಯಲ್ಲಿ ನಾನು ಅಂತಿಮ ಎಂದು ಕೂಗಿದ್ದು ಸಲಹೆಯನ್ನು.

ಎಪ್ಪತ್ತಾರರ ವಯಸ್ಸಿನಲ್ಲಿ ಮತ್ತೆ ಗಡಿ

1956ರ ಗಡಿ ಬೆಳಗಾವಿಯನ್ನು ಮೈಸೂರು ರಾಜ್ಯಕ್ಕೆ ಸೇರಿಸಿತ್ತು. ಆಗಿನ ಮುಂಬಯಿ ರಾಜ್ಯ ಅದನ್ನು ಒಪ್ಪಲಿಲ್ಲ. 1960ರಲ್ಲಿ ಮಹಾರಾಷ್ಟ್ರ ರಚನೆಯಾದ ಮೇಲೂ ಬೇಡಿಕೆ ಮುಂದುವರಿಯಿತು. 1966ರಲ್ಲಿ ಸೇನಾಪತಿ ಬಾಪಟ್ ಅವರು ಇದಕ್ಕಾಗಿ ಉಪವಾಸ ಕುಳಿತರು. ಆ ವರ್ಷ ಅಕ್ಟೋಬರ್ 25ರಂದು ಕೇಂದ್ರ ಸರ್ಕಾರ ಏಕಸದಸ್ಯ ಆಯೋಗ ರಚಿಸಿತು. ನಿವೃತ್ತ ಮುಖ್ಯ ನ್ಯಾಯಮೂರ್ತಿ ಮಹಾಜನ್ ಅವರನ್ನು ಅದಕ್ಕೆ ನೇಮಿಸಿತು. ಅವರಿಗೆ ಆಗ ಎಪ್ಪತ್ತಾರು ವರ್ಷ. ಮಹಾರಾಷ್ಟ್ರದ ಗಡಿಯ ಜೊತೆಗೆ ಕೇರಳದ ಕಾಸರಗೋಡಿನ ಪ್ರಶ್ನೆಯೂ ಅವರ ಮುಂದಿತ್ತು.

ಆಯೋಗ ರಚನೆಯಾಗಿ ಒಂದು ವಾರಕ್ಕೆ, 1966ರ ನವೆಂಬರ್ 1ರಂದು, ಪಂಜಾಬ್ ಪುನರ್ವಿಂಗಡಣೆಯಾಗಿ ಮಹಾಜನ್ ಅವರು ಹುಟ್ಟಿದ ಕಾಂಗ್ಡಾ ಜಿಲ್ಲೆ ಹಿಮಾಚಲಪ್ರದೇಶಕ್ಕೆ ಹೋಯಿತು. ಬೇರೆಯವರ ಊರುಗಳ ಕಡತ ಅವರ ಮೇಜಿನ ಮೇಲಿದ್ದಾಗ ಅವರ ಹುಟ್ಟೂರಿನ ವಿಳಾಸವೇ ಬದಲಾಯಿತು.

ಎರಡು ಕಡೆಯ ವಾದಗಳು ಅಳತೆಗೋಲಿನ ಬಗ್ಗೆಯೇ ಇದ್ದವು. ಮಹಾರಾಷ್ಟ್ರ ಹೇಳಿದ್ದು: ಹಳ್ಳಿಯನ್ನು ಘಟಕವಾಗಿ ಹಿಡಿಯಿರಿ, ಯಾವ ಭಾಷೆಯವರು ಹೆಚ್ಚು ಎಂದು ನೋಡಿ, ಊರುಗಳು ಒಂದಕ್ಕೊಂದು ಹೊಂದಿಕೊಂಡಿರಲಿ, ಜನರ ಇಚ್ಛೆಗೆ ಬೆಲೆ ಕೊಡಿ. ಆ ಲೆಕ್ಕದಲ್ಲಿ ಅದು 814 ಗ್ರಾಮಗಳನ್ನು ಕೇಳಿತು. ಮೈಸೂರು ಹೇಳಿದ್ದು: 1956ರಲ್ಲಿ ಸಂಸತ್ತು ಮಾಡಿದ ಗಡಿ ಉಳಿಯಲಿ. ಆಯೋಗ 2,240 ಮನವಿಗಳನ್ನು ಪರಿಶೀಲಿಸಿ, 7,572 ಜನರನ್ನು ಸಂದರ್ಶಿಸಿತು ಎಂದು ದಾಖಲೆಗಳಿವೆ.

ವರದಿ ಬಂದದ್ದು 1967ರ ಆಗಸ್ಟಿನಲ್ಲಿ. ಮಹಾಜನ್ ಎರಡೂ ಕಡೆಯ ಅಳತೆಗೋಲನ್ನು ಪೂರ್ತಿ ಒಪ್ಪಲಿಲ್ಲ. ಹಳ್ಳಿ ಲೆಕ್ಕವನ್ನೇ ಎಲ್ಲೆಡೆ ಹಿಡಿಯಲಿಲ್ಲ. ಭಾಷೆಯ ಜೊತೆಗೆ ಸುತ್ತಲಿನ ಊರುಗಳು, ಆಡಳಿತದ ಅನುಕೂಲಗಳನ್ನೂ ನೋಡಿದರು. ಬೆಳಗಾವಿ ನಗರ ಮೈಸೂರಿನಲ್ಲಿಯೇ ಉಳಿಯಬೇಕೆಂದರು. ಮೊದಲೇ ಹೇಳಿದಂತೆ 264 ಗ್ರಾಮಗಳು ಆಚೆಗೆ, 247 ಈಚೆಗೆ. ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದರು.

ಮೈಸೂರು ಒಪ್ಪಿತು. ಮಹಾರಾಷ್ಟ್ರ ಒಪ್ಪಲಿಲ್ಲ. ಒಂದೇ ಅಳತೆಗೋಲನ್ನು ಎಲ್ಲ ಕಡೆ ಸಮನಾಗಿ ಬಳಸಿಲ್ಲ ಎಂಬುದು ಅದರ ಆಕ್ಷೇಪ. ಕೇರಳವೂ ಒಪ್ಪಲಿಲ್ಲ. ಸಂಸತ್ತು ಆ ವರದಿಯನ್ನು ಕಾಯ್ದೆಯಾಗಿ ಮಾಡಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸರ್ವೋಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿತು. ತಾವು ಹಿಂದೊಮ್ಮೆ ಮುಖ್ಯ ನ್ಯಾಯಮೂರ್ತಿಯಾಗಿದ್ದ ನ್ಯಾಯಾಲಯದ ಮುಂದೆಯೇ ತಾವು ವರದಿ ಬರೆದ ವಿವಾದ ಬಂದು ನಿಲ್ಲುವುದನ್ನು ನೋಡಲು ಮಹಾಜನ್ ಇರಲಿಲ್ಲ. ವರದಿ ಕೊಟ್ಟು ನಾಲ್ಕು ತಿಂಗಳು ತುಂಬುವ ಮೊದಲೇ, 1967ರ ಡಿಸೆಂಬರ್ 11ರಂದು, ಅವರು ತೀರಿಕೊಂಡಿದ್ದರು.

ಮತ್ತೆ ತರಗತಿಗೆ

ಇಷ್ಟು ಓದಿದ ಮೇಲೆ ನಾನು ಮುಖ್ಯೋಪಾಧ್ಯಾಯರನ್ನು ಕಂಡು ಅದೇ ತರಗತಿಗೆ ಎರಡು ಅವಧಿ ಕೇಳಿಕೊಂಡೆ. ಮೊದಲು ಮಕ್ಕಳ ಮುಂದೆ ನನ್ನ ತಪ್ಪನ್ನು ಒಪ್ಪಿಕೊಂಡೆ. ನಂದಗಡದ ಬಗ್ಗೆ ನಾನು ಹೇಳಿದ್ದು ಸುಳ್ಳು, ವರದಿಯಲ್ಲಿ ಇರುವುದು ಬೇರೆ ಎಂದೆ. ತರಗತಿ ಒಂದು ಕ್ಷಣ ಗಪ್ಪಾಯಿತು. ಹೊಟ್ಟೆಯೊಳಗೆ ಹೆದರಿಕೆಯಿತ್ತು. ಆದರೆ ಆಮೇಲೆ ಮಕ್ಕಳು ಕೇಳಿದ ಪ್ರಶ್ನೆಗಳು ಹಿಂದಿನ ಮೂರು ವಾರಗಳಲ್ಲಿ ಕೇಳಿದ ಪ್ರಶ್ನೆಗಳಿಗಿಂತ ಹೆಚ್ಚು.

ಎರಡು ಚಟುವಟಿಕೆ ಮಾಡಿಸಿದೆ. ಬೇರೆಯವರಿಗೂ ಉಪಯೋಗವಾಗಬಹುದೆಂದು ಬರೆಯುತ್ತಿದ್ದೇನೆ.

ಮೊದಲನೆಯದು ಲೆಕ್ಕ. ಮೂರು ಊರುಗಳನ್ನು ಕಲ್ಪಿಸಿಕೊಳ್ಳಿ ಎಂದೆ. ಮೊದಲ ಊರಿನಲ್ಲಿ 900 ಜನ. ಅದರಲ್ಲಿ 800 ಮಂದಿ ಒಂದು ಭಾಷೆಯವರು, 100 ಮಂದಿ ಇನ್ನೊಂದು ಭಾಷೆಯವರು. ಉಳಿದ ಎರಡು ಊರುಗಳಲ್ಲಿ ತಲಾ 300 ಜನ. ಅಲ್ಲಿ ಮೊದಲ ಭಾಷೆಯವರು ತಲಾ 100, ಎರಡನೆಯವರು ತಲಾ 200. ಮೂರೂ ಊರುಗಳನ್ನು ಒಂದೇ ಘಟಕವಾಗಿ ಹಿಡಿದರೆ 1,500 ಜನರಲ್ಲಿ 1,000 ಮಂದಿ ಮೊದಲ ಭಾಷೆಯವರು, ಸುಮಾರು ಶೇ. 67. ಮೂರೂ ಊರು ಅವರ ಕಡೆ. ಊರು ಊರಾಗಿ ಲೆಕ್ಕ ಹಾಕಿದರೆ ಎರಡು ಊರು ಮತ್ತೊಂದು ಕಡೆ. ಯಾವ ಉತ್ತರ ಸರಿ ಎಂದು ಮಕ್ಕಳು ಜಗಳಕ್ಕೇ ಬಿದ್ದರು. ಎರಡರಲ್ಲೂ ಲೆಕ್ಕ ತಪ್ಪಿಲ್ಲ, ಘಟಕ ಯಾವುದೆಂದು ಮೊದಲು ಯಾರು ತೀರ್ಮಾನಿಸಬೇಕು ಎಂಬುದೇ ಪ್ರಶ್ನೆ ಎಂದು ಕೊನೆಗೆ ಅವರೇ ಕಂಡುಕೊಂಡರು. ಗುರುದಾಸ್‌ಪುರದ ಕತೆಯನ್ನು ನಾನು ಹೇಳಿದ್ದು ಇದಾದ ಮೇಲೆ.

ಎರಡನೆಯದು ವಾಕ್ಯ. ಒಂದು ಗುಂಪು ಶಾಲೆಯ ಆಟದ ಮೈದಾನದ ಗಡಿಯನ್ನು ಮಾತಿನಲ್ಲಿ ಬರೆಯಬೇಕು. ಇನ್ನೊಂದು ಗುಂಪು ಮೈದಾನಕ್ಕೆ ಹೋಗದೆ ಅದನ್ನು ಓದಿ ನಕ್ಷೆ ಬರೆಯಬೇಕು. ಮೊದಲ ಗುಂಪು ಬೋರ್‌ವೆಲ್ಲಿನಿಂದ ಬೇವಿನ ಮರದವರೆಗೆ ಎಂದು ಬರೆದಿತ್ತು. ಮೈದಾನದಲ್ಲಿ ಬೇವಿನ ಮರ ಎರಡಿವೆ. ಎರಡನೇ ಗುಂಪು ತಪ್ಪು ಮರ ಹಿಡಿದು ಅಡುಗೆ ಕೋಣೆಯನ್ನೇ ಶಾಲೆಯಿಂದ ಹೊರಗೆ ಹಾಕಿತು. ನಗು ಮುಗಿದ ಮೇಲೆ, ಹೀಗಾದಾಗ ನಕ್ಷೆಯನ್ನು ನಂಬಬೇಕೋ ಬರೆದ ಮಾತನ್ನೋ ಎಂದು ಕೇಳಿ, ರಾಡ್‌ಕ್ಲಿಫ್ ತೀರ್ಪಿನ ನಿಯಮ ತಿಳಿಸಿದೆ. ಕೂಡಲೇ ಮಕ್ಕಳು ವಾಕ್ಯ ತಿದ್ದತೊಡಗಿದರು.

ಕೊನೆಗೆ ಹಲಗೆಯ ಮೇಲೆ ಎರಡು ಕಾಲಮ್ ಹಾಕಿದೆ. ಒಂದರಲ್ಲಿ 264, ಇನ್ನೊಂದರಲ್ಲಿ 247. ನನಗೆ ಗೊತ್ತಿದ್ದ ಹೆಸರುಗಳನ್ನು ಹೇಳುತ್ತ ಹೋದೆ, ಮಕ್ಕಳು ಬಂದು ಬರೆದರು. ಅದೇ ಹುಡುಗಿ ಮೊದಲ ಕಾಲಮಿನಲ್ಲಿ ನಂದಗಡ ಎಂದು ಬರೆದಳು. ಮನೆಯಲ್ಲಿ ಮರಾಠಿ ಮಾತಾಡುವ ಹುಡುಗನೊಬ್ಬ ಎರಡನೆಯದರಲ್ಲಿ ಅಕ್ಕಲಕೋಟೆ ಎಂದು ಬರೆದ. ನಂತರ ಅವನು ಕೇಳಿದ್ದು, ಟೀಚರ್, ಹಾಗಾದರೆ ಇದು ಜಾರಿಯಾಗಬೇಕಿತ್ತೋ ಬೇಡವೋ ಎಂದು. ಎರಡು ಕಾಲಮ್‌ಗಳಲ್ಲಿ ಒಂದನ್ನು ಮಾತ್ರ ಓದಿ ಉತ್ತರ ಹೇಳಬಾರದು, ಜಾರಿಯಾಗಬೇಕೆನ್ನುವವರು ಎರಡನ್ನೂ ಒಪ್ಪಬೇಕು, ಬೇಡವೆನ್ನುವವರೂ ಎರಡನ್ನೂ ಬಿಡಬೇಕು ಎಂದೆ. ತೀರ್ಮಾನ ಸಂಸತ್ತಿನದು, ವಿಷಯ ಈಗ ನ್ಯಾಯಾಲಯದ ಮುಂದಿದೆ ಎಂದೂ ಹೇಳಿದೆ. ನನ್ನ ಮನಸ್ಸಿನಲ್ಲಿ ಒಂದು ಉತ್ತರ ಇಲ್ಲವೆಂದಲ್ಲ. ಆದರೆ ಅದನ್ನು ಪಾಠವೆಂದು ಹೇಳುವ ಹಕ್ಕು ನನಗಿಲ್ಲವೆಂದು ಮೊದಲ ಅವಧಿಯ ತಪ್ಪು ಕಲಿಸಿತ್ತು.

ಮಹಾಜನ್ ಅವರನ್ನು ಆದರ್ಶಪುರುಷರೆಂದು ಮಕ್ಕಳ ಮುಂದೆ ನಿಲ್ಲಿಸಲು ನಾನು ಹೋಗಲಿಲ್ಲ. ಅವರ ವರದಿಯನ್ನು ಒಪ್ಪದವರೂ ಆ ತರಗತಿಯ ಮಕ್ಕಳ ಮನೆಗಳಲ್ಲಿದ್ದಾರೆ. ಒಂದು ಗಡಿಯಿಂದ ಊರು ಕಳೆದುಕೊಂಡ ಮನುಷ್ಯ, ಇಪ್ಪತ್ತು ವರ್ಷಗಳ ನಂತರ ಬೇರೆಯವರ ಊರುಗಳ ಗಡಿ ಬರೆಯಲು ಕುಳಿತು, ಯಾರಿಗೂ ಪೂರ್ತಿ ಸಂತೋಷವಾಗದ ಎರಡು ಪಟ್ಟಿಗಳನ್ನು ಕೊಟ್ಟುಹೋದರು ಎಂದಷ್ಟೇ ಹೇಳಿದೆ.

ಆ ವಾರ ಊರಿಗೆ ಹೋದಾಗ ಅಜ್ಜಿಗೂ ಈ ಪಟ್ಟಿಯ ವಿಷಯ ತಿಳಿಸಿದೆ. ತವರು ಈ ರಾಜ್ಯಕ್ಕೆ ಬರಬೇಕೆಂದು ಒಬ್ಬ ದೊಡ್ಡ ನ್ಯಾಯಾಧೀಶರು ಬರೆದಿದ್ದರು ಎಂದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ನೀನು ಸಾಲಿ ಕಲಿಸುವ ಊರಿಗೆ ಅವರು ಏನು ಬರೆದಿದ್ದರು ಎಂದು ಕೇಳಿದಳು. ನಾನು ಮೊದಲೇ ಕೇಳಬೇಕಿದ್ದ ಪ್ರಶ್ನೆ ಅದು. ಪಾಠಯೋಜನೆಯ ಪುಸ್ತಕದಲ್ಲಿ ಆ ಪಾಠದ ಉದ್ದೇಶಗಳ ಕೆಳಗೆ ಈಗ ಅದನ್ನೂ ಬರೆದಿಟ್ಟಿದ್ದೇನೆ: ನಮಗೆ ಬರುವ ಊರುಗಳ ಪಟ್ಟಿ ಓದುವಾಗ ನಮ್ಮಿಂದ ಹೋಗುವ ಊರುಗಳ ಪಟ್ಟಿಯನ್ನೂ ಮಕ್ಕಳು ಕೇಳುವಂತಾಗಬೇಕು.